ಎಲ್ಲೆಯ ವ್ಯಾಜ್ಯವೂ ನೆರೆಯವರ ಸಾಕ್ಷ್ಯವೂ: ಯಲಹಂಕನಾಡನ್ನು ಕುರಿತ ಒಂದು ವಿಚಾರ

ಕ್ರಿ. ಶ. 1485ರಲ್ಲಿ ಸಾಳುವ ನರಸಿಂಹನು ವಿಜಯನಗರದ ಸಿಂಹಾಸನವನ್ನೇರಿದನು. ಅದೇ ವರ್ಷ ಏಳನೆಯ ಹೆನ್ರಿಯು ಇಂಗ್ಲೆಂಡಿನಲ್ಲಿ ಟ್ಯೂಡರ್ ಮನೆತನದ ಆಳಿಕೆಯನ್ನು ಮೊದಲು ಮಾಡಿದನು. 1509ರಲ್ಲಿ ಅತ್ತ ಎಂಟನೆಯ ಹೆನ್ರಿಗೆ, ಇತ್ತ ಕೃಷ್ಣದೇವರಾಯನಿಗೆ ಪಟ್ಟವಾಯಿತು. ಇವು ಕಾಕತಾಳೀಯವಾದ ಸಂಗತಿಗಳು. ಇವುಗಳಿಂದ ಯಾವ ತತ್ತ್ವವೂ ಹೊರಡದು. ಆದರೆ ಒಂದು ಪ್ರಶ್ನೆಗೆ ಇವು ಎಡೆಮಾಡಿಕೊಡುತ್ತವೆ. ಯಲಹಂಕನಾಡಿನ ಪ್ರಭುವಾದ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ ಕಾಲದಲ್ಲಿ, ಅವನ ನಾಡಿನ ಒಬ್ಬ ಒಕ್ಕಲಿಗನು ನೆರೆಯವನ ಎಮ್ಮೆ ತನ್ನ ರಾಗಿಯ ಹೊಲವನ್ನು ಮೇಯಿತೆಂದೋ, ಎಲ್ಲೆಯ ಕಲ್ಲು ಒಂದು ರಾತ್ರಿಯಲ್ಲಿ ಎರಡು ಮೊಳ ಸರಿಯಿತೆಂದೋ ದೂರನ್ನು ಹೊತ್ತು ಯಾರ ಬಳಿಗೆ ಹೋಗುತ್ತಿದ್ದನು? ಆತನ ಸಮಕಾಲೀನನಾದ ಎಸೆಕ್ಸ್ ಸೀಮೆಯ ರೈತನು ಏನು ಮಾಡುತ್ತಿದ್ದನೆಂಬುದು ನಮಗೆ ಚೆನ್ನಾಗಿ ತಿಳಿದಿದೆ. ನಮ್ಮ ನಾಡಿನ ರೈತನ ಸಂಗತಿಯನ್ನು ತಿಳಿಯುವುದು ಅಷ್ಟು ಸುಲಭವಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದೂ, ಅದನ್ನು ಮೀರಿ ತಿಳಿಯಬಹುದಾದುದು ಎಷ್ಟೆಂಬುದೂ ಪ್ರಕೃತ ವಿಚಾರದ ವಿಷಯ.

ಇಂಗ್ಲೆಂಡಿನಲ್ಲಿ ಒಬ್ಬ ಒಡೆಯನಿಗೆ ಸೇರಿದ ಭೂಮಿಕಾಣಿಯನ್ನು ಮ್ಯಾನರ್ ಎನ್ನುತ್ತಿದ್ದರು. ಪ್ರತಿಯೊಂದು ಮ್ಯಾನರಿಗೂ ತನ್ನದೇ ಆದ ನ್ಯಾಯಸಭೆಯಿತ್ತು. ಕೋರ್ಟ್ ಬ್ಯಾರನ್ ಎಂಬ ಸಭೆಯು ಹಿಡುವಳಿಗಳ ಹಸ್ತಾಂತರವನ್ನೂ, ನಲವತ್ತು ಷಿಲ್ಲಿಂಗಿಗೆ ಒಳಪಟ್ಟ ಸಾಲದ ವ್ಯಾಜ್ಯಗಳನ್ನೂ ನೋಡುತ್ತಿತ್ತು. ಕೋರ್ಟ್ ಲೀಟ್ ಎಂಬುದು ವರ್ಷಕ್ಕೆ ಎರಡಾವೃತ್ತಿ ಕೂಡಿ ಊರಿನ ಶಾಂತಿಭಂಗವನ್ನು ವಿಚಾರಿಸುತ್ತಿತ್ತು. ಕಾಲುವೆಯನ್ನು ತೋಡದವನು, ಬೇಲಿಯನ್ನು ಮುರಿದವನು, ಹಂದಿಯನ್ನು ಬಿಟ್ಟವನು, ದಾರಿಗೆ ತಿಪ್ಪೆ ಹಾಕಿದವನು, ನೆರೆಮನೆಯ ಗೋಡೆಗೆ ಕಿವಿಗೊಟ್ಟು ಕದ್ದು ಕೇಳಿದವನು, ಬಾಯಿಬಡುಕಿಯೆನಿಸಿದ ಹೆಂಗಸು ಇವರೆಲ್ಲರ ಹೆಸರೂ ಆ ಸಭೆಯ ಲೆಕ್ಕದಲ್ಲಿ ಬರುತ್ತದೆ. ಒಡೆಯನ ಪಾರುಪತ್ಯಗಾರನು ಸಭೆಯನ್ನು ನಡೆಸಿದರೂ, ತಪ್ಪನ್ನು ಎತ್ತಿ ಹೇಳುತ್ತಿದ್ದವರು ಊರಿನ ನೆರೆಹೊರೆಯವರೇ ಆದ ಪಂಚರು. ಅವರು ಹೊರಗಿನಿಂದ ಬಂದು ಸಾಕ್ಷ್ಯವನ್ನು ಕೇಳಿ ತೀರ್ಮಾನಿಸುವ ತಟಸ್ಥರಲ್ಲ. ತಾವೇ ಕಂಡು ಬಲ್ಲವರು. ದಂಡವು ಬಹುಪಾಲು ಕೆಲವು ಪೆನ್ನಿಗಳಷ್ಟೆ. ಅದನ್ನೂ ತಪ್ಪಿತಸ್ಥನ ಶಕ್ತಿಗೆ ತಕ್ಕಂತೆ ಗೊತ್ತುಮಾಡಲು ಊರಿನವರಲ್ಲಿ ಇಬ್ಬರನ್ನು ನೇಮಿಸುತ್ತಿದ್ದರು. ಇವೆಲ್ಲವೂ ತೊಗಲಿನ ಸುರುಳಿಗಳಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆಯಲ್ಪಟ್ಟು ಇಂದಿಗೂ ಉಳಿದಿವೆ. ಮಾರ್ಜೊರಿ ಮೆಕಿಂಟಾಷ್ ಎಂಬ ವಿದುಷಿಯು 1370ರಿಂದ 1600ರ ವರೆಗಿನ ಸ್ಥಳೀಯ ನ್ಯಾಯಸಭೆಗಳ ಲೆಕ್ಕಗಳನ್ನು ಶೋಧಿಸಿ 1998ರಲ್ಲಿ ಪ್ರಕಟಿಸಿದ ಗ್ರಂಥವು ಇಂತಹ ಅಲ್ಪ ತಪ್ಪುಗಳನ್ನೇ ಆಧಾರವಾಗಿಟ್ಟುಕೊಂಡು ಬರೆದ ಸಮಾಜಚರಿತ್ರೆಯಾಗಿದೆ.

ಈ ಸುರುಳಿಗಳು ಉಳಿದುದು ನ್ಯಾಯದ ಮೇಲಿನ ಅಭಿಮಾನದಿಂದಲ್ಲ. ಪ್ರತಿಯೊಂದು ದಂಡವೂ ಒಡೆಯನ ಆದಾಯ. ಪ್ರತಿಯೊಂದು ಹಿಡುವಳಿಯ ಹಕ್ಕಿಗೂ ಆ ಸುರುಳಿಯ ಬರಹವೇ ಆಧಾರ. ನಮ್ಮಲ್ಲಿಯೂ ದಂಡವು ಆದಾಯವೇ ಆಗಿತ್ತೆಂಬುದನ್ನು ಮರೆಯಲಾಗದು. ಊರನ್ನು ದತ್ತಿಯಾಗಿ ಕೊಡುವಾಗ ಅಲ್ಲಿಯ ಅಪರಾಧಗಳಿಂದ ಬರುವ ದಂಡದ ಹಣವನ್ನೂ ಸೇರಿಸಿ ಕೊಡುವ ಪದ್ಧತಿಯು ರಾಷ್ಟ್ರಕೂಟರ ತಾಮ್ರಶಾಸನಗಳಿಂದಲೇ ಕಂಡುಬರುತ್ತದೆ. ಆದರೆ ಆ ಹಣವು ಇತರ ಹುಟ್ಟುವಳಿಗಳೊಡನೆ ಒಟ್ಟಾಗಿ ಹೆಸರಿಸಲ್ಪಡುತ್ತದೆ. ಇಂಥವನು ಇಂಥ ತಪ್ಪಿಗೆ ಇಷ್ಟು ತೆತ್ತನೆಂಬ ವಿವರವು ಮೇಲಿನವರೆಗೆ ಹೋಗುವ ಅವಶ್ಯಕತೆಯೇ ಇರಲಿಲ್ಲವೆಂದು ತೋರುತ್ತದೆ. ಊರಿನ ಮಟ್ಟದಲ್ಲಿ ಬರೆದುದಾದರೂ ಎಂತಹ ವಸ್ತುವಿನ ಮೇಲೆ? ಇದ್ದಲಿನ ಪುಡಿಯನ್ನೂ ಅಂಟನ್ನೂ ಸೇರಿಸಿ ಬಳಿದ ಬಟ್ಟೆಯ ಮಡಿಕೆಗಳಾದ ಕಡತದ ಮೇಲೆ, ಬಳಪದ ಕಡ್ಡಿಯಿಂದ. ಕರ್ನಲ್ ವಿಲ್ಕ್ಸನು 1810ರಲ್ಲಿ ಮೊದಲ ಸಂಪುಟವಾಗಿ ಹೊರತಂದ ತನ್ನ ಚರಿತ್ರೆಯಲ್ಲಿ ಈ ಕಡತವನ್ನು ವರ್ಣಿಸಿದ್ದಾನೆ. ಹಲಗೆಯ ಮೇಲಿನ ಬರಹದಂತೆ ಇದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ತೀರಿದ ವ್ಯಾಜ್ಯದ ಲೆಕ್ಕವನ್ನು ಅಳಿಸುವುದೇ ಅದರ ಸೌಕರ್ಯ. ಗೆದ್ದವನಿಗೆ ಜಯಪತ್ರವನ್ನು ಕೊಡಬೇಕೆಂದು ಧರ್ಮಶಾಸ್ತ್ರವು ವಿಧಿಸುತ್ತದೆ. ಆದರೆ ಎಮ್ಮೆ ಮೇದ ಹೊಲಕ್ಕೆ ಯಾರೂ ಕಲ್ಲಿನಲ್ಲಿ ಜಯಪತ್ರವನ್ನು ಕೆತ್ತಿಸುವುದಿಲ್ಲವಷ್ಟೆ. ಕಲ್ಲನ್ನೇರಿದುದು ದಾನ, ವೀರಮರಣ, ಕೆರೆಯ ಕಟ್ಟೆ ಮತ್ತು ಅಪರೂಪವಾಗಿ ದೊಡ್ಡವರ ನಡುವಣ ವ್ಯಾಜ್ಯ.

ಈ ಮೌನವನ್ನು ಕಂಡು ನಮ್ಮ ಹಳ್ಳಿಗಳಲ್ಲಿ ಜಗಳವೇ ಇರಲಿಲ್ಲವೆಂದು ಭಾವಿಸಿದವರುಂಟು. ಸರ್ ಚಾರ್ಲ್ಸ್ ಮೆಟ್ಕಾಫನು 1830ರಲ್ಲಿ ಹಿಂದೂದೇಶದ ಗ್ರಾಮಗಳನ್ನು ಪುಟ್ಟ ಗಣರಾಜ್ಯಗಳೆಂದು ಹೊಗಳಿದ ಮೇಲೆ, ನಮ್ಮವರಲ್ಲಿಯೂ ಅನೇಕರು ಆ ಹೊಗಳಿಕೆಯನ್ನು ಚರಿತ್ರೆಯೆಂದೇ ಹಿಡಿದರು. ಜಗಳವಿಲ್ಲದ ಊರಿಗೆ ಎಲ್ಲೆಯ ಕಲ್ಲೇಕೆ? ಧರ್ಮಶಾಸ್ತ್ರವು ಹದಿನೆಂಟು ವಿವಾದಪದಗಳಲ್ಲಿ ಸೀಮಾವಿವಾದವನ್ನೂ, ದನದ ಒಡೆಯನಿಗೂ ಕಾಯುವವನಿಗೂ ನಡುವಣ ವಿವಾದವನ್ನೂ ಪ್ರತ್ಯೇಕವಾಗಿ ಎಣಿಸಿದುದೇಕೆ?

ಈ ಎರಡನೆಯ ಪ್ರಕರಣದಲ್ಲಿ ಯಾಜ್ಞವಲ್ಕ್ಯನು ಹೇಳುವುದು ಅತ್ಯಂತ ನೆಲದ ಮಾತು. ಪೈರನ್ನು ಕೆಡಿಸಿದ ಎಮ್ಮೆಗೆ ಎಂಟು ಮಾಷ ದಂಡ, ಹಸುವಿಗೆ ಅದರ ಅರ್ಧ, ಆಡು ಕುರಿಗಳಿಗೆ ಅದರಲ್ಲಿಯೂ ಅರ್ಧ. ಆದರೆ ಹೊಲವು ದಾರಿಯ ಪಕ್ಕದಲ್ಲಿಯೋ ಊರಿನ ಹುಲ್ಲುಗಾವಲಿನ ಅಂಚಿನಲ್ಲಿಯೋ ಇದ್ದು, ದನವು ತಾನಾಗಿ ನುಗ್ಗಿದ್ದರೆ ದೋಷವಿಲ್ಲ. ಬೇಕೆಂದು ಬಿಟ್ಟವನಿಗೆ ಕಳ್ಳನ ದಂಡ. ದಾರಿಯ ಬದಿಯಲ್ಲಿ ಬಿತ್ತಿದವನು ಬೇಲಿಯ ಹೊಣೆಯನ್ನು ತಾನೇ ಹೊರಬೇಕೆಂಬುದು ಇದರ ತಾತ್ಪರ್ಯ. ಎಸೆಕ್ಸಿನ ಪಂಚರೂ ಬೇಲಿಯನ್ನು ಸರಿಯಾಗಿ ಇಡದವನನ್ನು ದಂಡಿಸುತ್ತಿದ್ದರಷ್ಟೆ. ಎರಡು ಕಡೆಯೂ ಪ್ರಶ್ನೆಯು ದನದ್ದಲ್ಲ, ಎಚ್ಚರಿಕೆಯದು.

ಸ್ಮೃತಿಯನ್ನು ಓದಿ ಊರನ್ನು ಕಂಡೆವೆಂದು ಭ್ರಮಿಸಬಾರದು, ನಿಜ. ಆದರೆ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿದ್ದವನು. ವ್ಯವಹಾರಕಾಂಡವೇ ಇಲ್ಲದ ಪರಾಶರಸ್ಮೃತಿಗೆ ಆ ಕಾಂಡವನ್ನು ತಾನೇ ಕೂಡಿಸಿ ವ್ಯಾಖ್ಯಾನಿಸಿದ ಮಾಧವನು ವಿಜಯನಗರದ ಮೊದಲ ಅರಸರ ಕಾಲದವನು. ಇಲ್ಲದ ಕಾಂಡವನ್ನು ಕೂಡಿಸುವಷ್ಟು ಅವಶ್ಯಕತೆಯು ಕಂಡಿತೆಂದರೆ, ಅದು ಬರಿಯ ಪಾಂಡಿತ್ಯದ ಅವಶ್ಯಕತೆಯಾಗಿರಲಾರದು.

ಇಲ್ಲಿ ಒಂದು ಪದದ ಕಡೆಗೆ ಸಾಹಿತ್ಯದ ಉಪಾಧ್ಯಾಯರ ಗಮನವನ್ನು ಸೆಳೆಯಬೇಕಾಗಿದೆ. ನಮ್ಮ ಕಾವ್ಯಗಳಲ್ಲಿ ‘ಸಾಮಂತ’ ಎಂದರೆ ಚಕ್ರವರ್ತಿಗೆ ತಲೆಬಾಗುವ ಮಾಂಡಲಿಕ. ಸೀಮಾವಿವಾದ ಪ್ರಕರಣದಲ್ಲಿ ಸಾಮಂತನೆಂದರೆ ಸುತ್ತಲಿನ ಹೊಲದವನು, ಪಕ್ಕದ ಊರಿನವನು. ಒಂದು ಮಾತಿನಲ್ಲಿ ನೆರೆಯವನು. ಎಲ್ಲೆಯ ವಿಷಯದಲ್ಲಿ ಜಗಳ ಹುಟ್ಟಿದರೆ ಮೊದಲು ಕರೆಯಬೇಕಾದುದು ಈ ಸಾಮಂತರನ್ನು. ಅವರೊಡನೆ ಮುದುಕರನ್ನು, ಗೋವಳರನ್ನು, ಎಲ್ಲೆಯ ಬಳಿ ಉಳುವವರನ್ನು, ಕಾಡಿನಲ್ಲಿ ತಿರುಗುವವರನ್ನು. ವಿದ್ವಾಂಸರನ್ನಲ್ಲ. ಎಲ್ಲೆಯಲ್ಲಿ ಆಲ, ಅರಳಿ, ಮುತ್ತುಗ ಮುಂತಾದ ಮರಗಳನ್ನು ನೆಡಬೇಕೆಂದೂ, ಮರವು ಬಿದ್ದರೂ ಗುರುತು ಉಳಿಯುವಂತೆ ಮೂಳೆ, ಹೊಟ್ಟು, ಬೂದಿ, ಬೋಕಿ, ಇದ್ದಲು, ಇಟ್ಟಿಗೆಯ ಚೂರುಗಳನ್ನು ನೆಲದೊಳಗೆ ಹೂಳಬೇಕೆಂದೂ ಮನುವು ವಿಧಿಸಿದ್ದಾನೆ. ಗುರುತುಗಳಿಲ್ಲದಿದ್ದರೆ ನಾಲ್ವರು, ಎಂಟು ಮಂದಿ ಅಥವಾ ಹತ್ತು ಮಂದಿ ಸಾಮಂತರು ಕೆಂಪು ಬಟ್ಟೆಯನ್ನುಟ್ಟು, ಕೆಂಪು ಹೂಮಾಲೆಯನ್ನು ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು ಎಲ್ಲೆಯುದ್ದಕ್ಕೂ ನಡೆಯಬೇಕು. ಅವರು ನಡೆದುದೇ ಎಲ್ಲೆ. ಹಾಗೆ ನಡೆದವರಿಗೆ ಮೂರು ಪಕ್ಷಗಳೊಳಗೆ ದೈವದಿಂದಾಗಲಿ ಅರಸನಿಂದಾಗಲಿ ಕೇಡು ಬಾರದಿದ್ದರೆ ಅವರ ಮಾತು ನಿಂತಿತೆಂದು ಕಾತ್ಯಾಯನನ ಮತ. ಸುಳ್ಳಾಡಿದ ಸಾಮಂತರಲ್ಲಿ ಒಬ್ಬೊಬ್ಬನಿಗೂ ಮಧ್ಯಮಸಾಹಸವೆಂಬ ದಂಡ. ಮಹಾಭಿಯೋಗಗಳಿಗೆ ಮಾತ್ರ ಮೀಸಲಾದ ತುಲೆ, ಅಗ್ನಿ ಮುಂತಾದ ದಿವ್ಯಗಳಿಗಿಂತ ಈ ನಡಿಗೆಯು ಹೆಚ್ಚು ಹಿತವಾದುದು, ಪ್ರಾಯಶಃ ಹೆಚ್ಚು ಪರಿಣಾಮಕಾರಿಯಾದುದು. ತಲೆಯ ಮೇಲೆ ಮಣ್ಣಿಟ್ಟುಕೊಂಡು ನಡೆಯುವವನನ್ನು ಇಡೀ ಊರೇ ನೋಡುತ್ತಿರುತ್ತದೆ.

ಇದೇ ಬಗೆಯ ನಡಿಗೆಯು ಟ್ಯೂಡರರ ಇಂಗ್ಲೆಂಡಿನಲ್ಲಿಯೂ ಇತ್ತೆಂಬುದು ಗಮನಾರ್ಹವಾಗಿದೆ. ವಸಂತದಲ್ಲಿ ಬರುವ ರೊಗೇಷನ್ ಎಂಬ ವ್ರತದ ದಿವಸಗಳಲ್ಲಿ ಪಾದ್ರಿಯೂ ಊರಿನ ಮುಖ್ಯರೂ ಊರಿನ ಎಲ್ಲೆಯನ್ನು ಸುತ್ತಿಬರುತ್ತಿದ್ದರು. ಮತಸುಧಾರಣೆಯ ಕಾಲದಲ್ಲಿ ಇತರ ಮೆರವಣಿಗೆಗಳನ್ನು ನಿಲ್ಲಿಸಿದಾಗ, ಎಲಿಜಬೆತ್ ರಾಣಿಯ 1559ರ ಆಜ್ಞೆಗಳು ಈ ಒಂದನ್ನು ಮಾತ್ರ ಉಳಿಸಿದವು. ನೆರೆಯವನ ಎಲ್ಲೆಯನ್ನು ಸರಿಸಿದವನಿಗೆ ಶಾಪವಾಗಲೆಂಬ ವಾಕ್ಯವನ್ನು ಪಾದ್ರಿಯು ಆಯಾ ಸ್ಥಳದಲ್ಲಿ ಜ್ಞಾಪಿಸಬೇಕೆಂದೂ ಅವು ಕಟ್ಟುಮಾಡಿದವು. ನಮ್ಮ ದಾನಶಾಸನಗಳ ಕೊನೆಯ ಶಾಪವಾಕ್ಯಗಳನ್ನು ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಕಾವಲಿಗೆ ಆಳಿಲ್ಲದ ಕಡೆ ಶಾಪವನ್ನು ಕಾವಲಿಗಿಡುವುದು ಎರಡೂ ದೇಶಗಳ ರೂಢಿ.

ಪ್ರಯೋಗಕ್ಕೆ ಬಂದ ನಿದರ್ಶನವೊಂದು ಮಲೆನಾಡಿನಲ್ಲಿ ದೊರೆಯುತ್ತದೆ. 1363ರಲ್ಲಿ ಹೆದ್ದೂರನಾಡಿನ ತಡತಾಳದ ಪಾರ್ಶ್ವನಾಥ ಬಸದಿಯ ಭೂಮಿಯ ಎಲ್ಲೆಯ ವಿಷಯದಲ್ಲಿ ಬಸದಿಯ ಆಚಾರ್ಯರಿಗೂ ನಾಡಿನವರಿಗೂ ವಿವಾದವುಂಟಾಯಿತು. ಮಹಾಪ್ರಧಾನ ನಾಗಣ್ಣನು ಮೂರು ಪಟ್ಟಣಗಳ ಮತ್ತು ಹದಿನೆಂಟು ಕಂಪಣಗಳ ಹಿರಿಯರನ್ನು ಆರಗದ ಚಾವಡಿಯಲ್ಲಿ ಸೇರಿಸಿ ವಿಚಾರಣೆಯನ್ನು ನಡೆಸಿದನು. ನಾಡಿನವರನ್ನು ಒಪ್ಪಿಸಿ, ಪೂರ್ವಮರ್ಯಾದೆಯಂತೆ ಎಲ್ಲೆಯನ್ನು ನಿಲ್ಲಿಸಿ ಶಾಸನವನ್ನು ಬರೆಸಲಾಯಿತು. ಪ್ರಧಾನಿಯೇ ಮುಂದೆ ಕುಳಿತಿದ್ದರೂ ತೀರ್ಪು ನಿಂತುದು ನಾಡು ಒಪ್ಪಿದುದರ ಮೇಲೆ ಎಂಬುದನ್ನು ಗಮನಿಸಬೇಕು. ಇದು ದೇವರ ಭೂಮಿಯಾದುದರಿಂದ ಕಲ್ಲನ್ನೇರಿತು. ಇಬ್ಬರು ಒಕ್ಕಲಿಗರ ಹೊಲವಾಗಿದ್ದರೆ ಕಡತದಲ್ಲಿಯೇ ಅಳಿಯುತ್ತಿತ್ತು.

ಹಾಗಾದರೆ ಯಲಹಂಕನಾಡಿನಲ್ಲಿ ಏನು ಉಳಿದಿದೆ? ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇಲೈಪ್ಪಾಕ್ಕನಾಡೆಂಬ ಹೆಸರಿನಿಂದ ಕಾಣಿಸಿಕೊಳ್ಳುವ ಈ ನಾಡಿಗೆ ದೊಡ್ಡ ಹೊಳೆಯೊಂದೂ ಇಲ್ಲ. ಒಂದರ ಕೋಡಿಯ ನೀರು ಮತ್ತೊಂದನ್ನು ತುಂಬುವ ಕೆರೆಗಳ ಸಾಲೇ ಇದರ ಜೀವ. ಯಲಹಂಕದ ಕೆರೆಯ ನೀರು ಅಲ್ಲಾಳಸಂದ್ರ, ಜಕ್ಕೂರು, ರಾಚೇನಹಳ್ಳಿಗಳ ಕಡೆಗೆ ಇಳಿಯುತ್ತದೆ. ಮೇಲಿನ ಊರಿನವರು ಕೋಡಿಗೆ ಒಂದು ಸಾಲು ಕಲ್ಲನ್ನು ಏರಿಸಿದರೆ ಕೆಳಗಿನ ಊರಿನ ಕೆರೆಗೆ ಆ ವರ್ಷ ನೀರು ಸಾಲದು. ಕೆಳಗಿನವರು ತಮ್ಮ ಕೋಡಿಯನ್ನು ಏರಿಸಿದರೆ ಮೇಲಿನವರ ತಗ್ಗಿನ ಹೊಲಗಳು ಮುಳುಗುತ್ತವೆ. ಇಂತಹ ನಾಡಿನಲ್ಲಿ ನೆರೆಯವನೆಂದರೆ ಬರಿಯ ಬೇಲಿಯಾಚೆಯವನಲ್ಲ, ನೀರಿನ ದಾರಿಯಲ್ಲಿರುವ ಪ್ರತಿಯೊಬ್ಬನೂ. ಹನ್ನೆರಡು ಆಯಗಾರರಲ್ಲಿ ನೀರುಗಂಟಿಯನ್ನು ಸೇರಿಸಿದುದು ಈ ಕಾರಣದಿಂದಲೇ. ನೀರನ್ನು ಸರದಿಯಂತೆ ಬಿಡುವ ಆತನ ಕೈಯಲ್ಲಿ ದಿನದಿನದ ನ್ಯಾಯವಿತ್ತು, ಮತ್ತು ಆತನ ಪಾಲು ಕಣದ ರಾಶಿಯಿಂದ ಬರುತ್ತಿದ್ದುದರಿಂದ ಯಾರ ಬೆಳೆ ಒಣಗಿದರೂ ಆತನಿಗೇ ನಷ್ಟ. ಬುಕಾನನನು 1800ರಲ್ಲಿ ಈ ಸೀಮೆಯನ್ನು ಸಂಚರಿಸಿ, ಕಣದಲ್ಲಿ ರಾಶಿಯನ್ನು ಹಂಚುವ ಕ್ರಮವನ್ನು ಬರೆದಿಟ್ಟಿದ್ದಾನೆ. 1812ರ ಐದನೆಯ ವರದಿಯೆಂಬ ಪಾರ್ಲಿಮೆಂಟಿನ ಲೇಖನವು ಮದರಾಸು ಸೀಮೆಯ ಗ್ರಾಮಸೇವಕರಲ್ಲಿ ಎಲ್ಲೆಯನ್ನು ಕಾಯುವ, ವ್ಯಾಜ್ಯ ಬಂದಾಗ ಅದರ ವಿಷಯದಲ್ಲಿ ಸಾಕ್ಷ್ಯವನ್ನು ಹೇಳುವ ಒಬ್ಬನನ್ನು ಹೆಸರಿಸುತ್ತದೆ. ಸ್ಮೃತಿಯ ಸಾಮಂತನಿಗೂ ಗೋವಳನಿಗೂ ಊರಿನಲ್ಲಿ ಹೀಗೆ ಒಂದು ಉದ್ಯೋಗವೇ ಏರ್ಪಟ್ಟಿತ್ತು.

ನೀರಿನ ವ್ಯಾಜ್ಯವನ್ನು ಹುಟ್ಟುವ ಮೊದಲೇ ತಡೆಯಲು ಕಲ್ಲನ್ನು ಬಳಸಿದುದಕ್ಕೆ ಹರಿಹರದ 1410ರ ಶಾಸನವು ಸಾಕ್ಷಿ. ಹರಿದ್ರಾನದಿಗೆ ಕಟ್ಟೆ ಕಟ್ಟಿ ಕಾಲುವೆಯನ್ನು ತಂದಾಗ, ನೀರಾವರಿಯ ಭೂಮಿಯಲ್ಲಿ ಎರಡು ಪಾಲು ಹರಿಹರದೇವರಿಗೆ, ಒಂದು ಪಾಲು ಬ್ರಾಹ್ಮಣರಿಗೆ ಎಂದೂ, ಖರ್ಚೂ ಅದೇ ಪ್ರಮಾಣವೆಂದೂ ಗೊತ್ತುಮಾಡಿದರು. ನಮ್ಮ ದಾನಶಾಸನಗಳಲ್ಲಿ ಬರುವ ಚತುಸ್ಸೀಮೆಯ ವಿವರಗಳನ್ನೂ ಈ ದೃಷ್ಟಿಯಿಂದಲೇ ಓದಬೇಕೆಂಬುದು ನನ್ನ ಅಭಿಪ್ರಾಯ. ಮೂಡಲು ಹುತ್ತ, ತೆಂಕಲು ನೆಟ್ಟ ಕಲ್ಲು, ಪಡುವಲು ಕೆರೆಯ ಕೋಡಿ, ಬಡಗಲು ಹುಣಸೆಯ ಮರ, ಮೂರೂರಿನ ಎಲ್ಲೆ ಕೂಡುವ ಗುಡ್ಡೆ ಎಂಬ ಬಗೆಯ ಪಟ್ಟಿಯನ್ನು ಚರಿತ್ರಕಾರರು ರಾಜನ ಹೆಸರೂ ತೇದಿಯೂ ದೊರೆತೊಡನೆ ದಾಟಿಬಿಡುತ್ತಾರೆ. ಆ ಪಟ್ಟಿಯು ನೆರೆಯವರು ಕೂಡಿ ನಡೆದು ಹೇಳಿದ ಸಾಕ್ಷ್ಯದ ಸಾರ. ಮುಂದೆ ಬರಬಹುದಾದ ವ್ಯಾಜ್ಯಕ್ಕೆ ಮೊದಲೇ ಕೊಟ್ಟ ಉತ್ತರ.

ಸಾಕ್ಷ್ಯವನ್ನು ಕೆಡಿಸುವ ಕಲೆಯೂ ನಮ್ಮವರಿಗೆ ತಿಳಿಯದುದಲ್ಲ. ದುರ್ಗಸಿಂಹನು 1031ರಲ್ಲಿ ರಚಿಸಿದ ಪಂಚತಂತ್ರದಲ್ಲಿ ಧರ್ಮಬುದ್ಧಿ ದುಷ್ಟಬುದ್ಧಿಗಳ ಕಥೆಯುಂಟು. ದುಷ್ಟಬುದ್ಧಿಯು ಹೂತಿಟ್ಟ ಹೊನ್ನನ್ನು ತಾನೇ ಕದ್ದು ಗೆಳೆಯನ ಮೇಲೆ ದೂರುತ್ತಾನೆ. ಆಲದ ಮರವೇ ತನಗೆ ಸಾಕ್ಷಿಯೆಂದು ಧರ್ಮಾಧಿಕರಣರ ಮುಂದೆ ಹೇಳಿ, ತನ್ನ ತಂದೆಯನ್ನು ಆ ಮರದ ಪೊಟರೆಯಲ್ಲಿ ಅಡಗಿಸುತ್ತಾನೆ. ತರಗತಿಗಳಲ್ಲಿ ಇದನ್ನು ನೀತಿಕಥೆಯೆಂದು ಹೇಳಿಕೊಡುವುದು ವಾಡಿಕೆ. ಎಲ್ಲೆಯ ಮರವು ನಿಜವಾಗಿಯೂ ಸಾಕ್ಷಿಯಾಗಿ ನಿಲ್ಲುತ್ತಿದ್ದ ದೇಶದಲ್ಲಿ ಈ ಕಥೆಯನ್ನು ಕೇಳಿದವರಿಗೆ ಅದು ವ್ಯವಹಾರದ ಕಥೆಯಾಗಿಯೂ ಕೇಳಿಸಿರಬೇಕು. ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನಿಗೆ ಅಧಿಕರಣದ ರೀತಿ ಅಪರಿಚಿತವಾಗಿರಲಾರದು.

1863ರಲ್ಲಿ ಮೈಸೂರು ಸೀಮೆಯ ಕಂದಾಯದ ಮೋಜಣಿಯು ಮೊದಲಾದ ಮೇಲೆ ಎಲ್ಲೆಯು ನೆರೆಯವರ ನೆನಪಿನಿಂದ ನಕ್ಷೆಗೆ ವರ್ಗವಾಯಿತು. ಮುದುಕರನ್ನು ಕರೆಯುವ ಅವಶ್ಯಕತೆ ತಪ್ಪಿತು. ಸರಪಣಿಯ ಅಳತೆಯೇ ಸಾಕ್ಷಿಯಾಯಿತು. ಇದರಿಂದ ಬಡರೈತನಿಗೆ ಅನೇಕ ವೇಳೆ ಒಳ್ಳೆಯದೇ ಆಯಿತೆಂದು ನಾನು ತಿಳಿಯುತ್ತೇನೆ; ಬಲವಾದ ನೆರೆಯವನಿಗೆ ನೆನಪೂ ಬಲವಾಗಿಯೇ ಇರುತ್ತದೆ. ಆದರೆ ಅಂದಿನಿಂದ ಹಳೆಯ ಕಲ್ಲುಗಳಿಗೆ ಕೆಲಸವಿಲ್ಲದಂತಾಯಿತು. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ ತರುವಾಯ ನಗರವು ಬೆಳೆದು ಯಲಹಂಕ, ಹೆಬ್ಬಾಳ, ಜಕ್ಕೂರುಗಳ ಹೊಲಗಳನ್ನು ಒಳಗೊಂಡಿತು. ಆ ಸಂಪುಟದಲ್ಲಿ ಕಾಣುವ ಕಲ್ಲುಗಳಲ್ಲಿ ಅನೇಕವು ಇಂದು ಸ್ಥಳದಲ್ಲಿಲ್ಲ. ಅದಕ್ಕೆ ಸಿಕ್ಕದಿದ್ದ ಕಲ್ಲುಗಳು ಆಗಾಗ ಹೊರಬರುತ್ತಲೂ ಇವೆ. ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯನೆಂಬ ವೀರನ ಕಲ್ಲು 2018ರಲ್ಲಿ ಹೆಬ್ಬಾಳದಲ್ಲಿ ದೊರೆಯಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಇಂತಹ ಶಾಸನಗಳನ್ನು ಮೂರು ಆಯಾಮಗಳ ಪ್ರತಿಕೃತಿಗಳಾಗಿ ತೆಗೆದಿಡುವ ಕಾರ್ಯವನ್ನು ಕೈಗೊಂಡಿದ್ದಾರೆ. ಆದರೆ ಎಲ್ಲೆಯ ಕಲ್ಲುಗಳಲ್ಲಿ ಬಹುಪಾಲಿಗೆ ಅಕ್ಷರವಿಲ್ಲ. ಲಿಂಗಮುದ್ರೆಯೋ, ವಾಮನಮುದ್ರೆಯೋ, ಸೂರ್ಯಚಂದ್ರರೋ ಮಾತ್ರ ಅವುಗಳ ಮೇಲಿರುತ್ತವೆ; ಕೆಲವಕ್ಕೆ ಅದೂ ಇಲ್ಲ. ಶಾಸನಸಂಪುಟಗಳಲ್ಲಿ ಇವುಗಳಿಗೆ ಸಂಖ್ಯೆಯಿಲ್ಲ. ದಾನಶಾಸನದ ಪಾಠವನ್ನು ಕೈಯಲ್ಲಿ ಹಿಡಿದು, ಅದು ಹೇಳುವ ಚತುಸ್ಸೀಮೆಯನ್ನು ನಡೆದು ನೋಡುವವರಿಗೆ ಮಾತ್ರ, ರಾಜಕಾಲುವೆಯ ಬದಿಯಲ್ಲಿಯೋ ಬಡಾವಣೆಯ ಗೋಡೆಯ ಬುಡದಲ್ಲಿಯೋ ಬಿದ್ದಿರುವ ಅಂತಹ ಕಲ್ಲು ಯಾವ ಊರಿನವರ ನಡುವಣ ಒಪ್ಪಂದವೆಂಬುದು ತಿಳಿಯಬಹುದಾಗಿದೆ.