ಫ್ಲ್ಯಾಶ್ ಮೆಮೊರಿಯ ಬೆಳವಣಿಗೆ: ಬಿಟ್ಟುಕೊಟ್ಟ ಗುಣಗಳ ಚರಿತ್ರೆ

ಫ್ಲ್ಯಾಶ್ ಮೆಮೊರಿಯ ಚರಿತ್ರೆಯನ್ನು ಹೆಚ್ಚುತ್ತ ಹೋದ ಧಾರಣಶಕ್ತಿಯ ಕಥೆಯಾಗಿ ಬರೆಯುವುದು ವಾಡಿಕೆ. ಮೆಗಾಬೈಟ್ ಗಿಗಾಬೈಟಾಯಿತು, ಗಿಗಾಬೈಟ್ ಟೆರಾಬೈಟಾಯಿತು ಎಂಬಲ್ಲಿಗೆ ಆ ಕಥೆ ಮುಗಿಯುತ್ತದೆ. ಈ ಲೇಖನದ ವಾದ ಬೇರೆ. ಈ ತಂತ್ರಜ್ಞಾನ ಬಹುಮಟ್ಟಿಗೆ ಒಂದೊಂದು ಗುಣವನ್ನು ಬಿಟ್ಟುಕೊಟ್ಟು ಅಗ್ಗವಾಗುತ್ತ ಬಂದಿದೆ. ಬಿಟ್ಟದ್ದೇನೆಂದು ಲೆಕ್ಕ ಹಾಕದೆ ಅದರ ಬೆಳವಣಿಗೆ ಅರ್ಥವಾಗದು.

ಮೂಲತತ್ತ್ವ 1967ರದು. ಬೆಲ್ ಲ್ಯಾಬ್ಸ್‌ನ ದಾವೊನ್ ಕಾಂಗ್ ಮತ್ತು ಸೈಮನ್ ಝೀ ಟ್ರಾನ್ಸಿಸ್ಟರಿನೊಳಗೆ ಸುತ್ತಲೂ ನಿರೋಧಕ ಪದರವಿರುವ ‘ಫ್ಲೋಟಿಂಗ್ ಗೇಟ್’ ಒಂದನ್ನು ಹುದುಗಿಸುವ ವಿಚಾರವನ್ನು ಪ್ರಕಟಿಸಿದರು. ಅದರೊಳಗೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ವಿದ್ಯುತ್ ಹೋದರೂ ಅಲ್ಲೇ ಉಳಿಯುತ್ತವೆ. 1971ರಲ್ಲಿ ಇಂಟೆಲ್‌ನ ಡೋವ್ ಫ್ರೋಮನ್ ರೂಪಿಸಿದ ಇಪಿರಾಮ್ ಇದೇ ತತ್ತ್ವದ್ದು. ಆದರೆ ಬರೆದದ್ದನ್ನು ಅಳಿಸಲು ಚಿಪ್ಪಿನ ಮೇಲಿನ ಸ್ಫಟಿಕದ ಕಿಂಡಿಯ ಮೂಲಕ ನೇರಳಾತೀತ ಬೆಳಕು ಹಾಯಿಸಬೇಕಿತ್ತು. ಅನಂತರ ಬಂದ ಇಇಪಿರಾಮ್ ಒಂದೊಂದೇ ಬೈಟನ್ನು ವಿದ್ಯುತ್ತಿನಿಂದಲೇ ಅಳಿಸಿತು. ಅದಕ್ಕಾಗಿ ಸಾಮಾನ್ಯವಾಗಿ ಪ್ರತಿ ಬಿಟ್ಟಿಗೂ ಎರಡು ಟ್ರಾನ್ಸಿಸ್ಟರ್ ಬೇಕಾದ್ದರಿಂದ ದುಬಾರಿಯಾಯಿತು.

ತೊಷಿಬಾ ಸಂಸ್ಥೆಯ ಫ್ಯೂಜಿಯೊ ಮಸುವೊಕಾ ಅವರ ಹಿರಿಮೆ ಇಲ್ಲಿದೆ. ಬೈಟ್ ಬೈಟಾಗಿ ಅಳಿಸುವ ಅನುಕೂಲವನ್ನೇ ಅವರು ಕೈಬಿಟ್ಟರು. ಇಡೀ ಬ್ಲಾಕನ್ನು ಒಮ್ಮೆಗೇ ಅಳಿಸಿದರೆ ಬಿಟ್ಟಿಗೆ ಒಂದೇ ಟ್ರಾನ್ಸಿಸ್ಟರ್ ಸಾಕು. ಮೇಲ್ನೋಟಕ್ಕೆ ಹಿನ್ನಡೆಯಂತಿದ್ದ ಈ ವಿನ್ಯಾಸವನ್ನು, ಅಂದರೆ ಫ್ಲ್ಯಾಶ್ ಮೆಮೊರಿಯನ್ನು, 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಮ್ಮೇಳನದಲ್ಲಿ ಮಂಡಿಸಿದರು. 1987ರ ನ್ಯಾಂಡ್ ವಿನ್ಯಾಸದಲ್ಲಿ ಇನ್ನೊಂದು ಹೆಜ್ಜೆ: ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ ಸಂಪರ್ಕಗಳ ಜಾಗ ಉಳಿಸಿದರು, ಬೇಕಾದ ಬೈಟನ್ನು ನೇರವಾಗಿ ಓದುವ ಸೌಲಭ್ಯ ಹೋಯಿತು. ಆ ಸೌಲಭ್ಯ ಉಳಿಸಿಕೊಂಡ ನಾರ್ ಬಗೆಯನ್ನು ಇಂಟೆಲ್ 1988ರಲ್ಲಿ ಮಾರುಕಟ್ಟೆಗೆ ತಂದಿತು. ಪ್ರೋಗ್ರಾಮ್ ಇಡಲು ನಾರ್ ಒಗ್ಗಿತು. ಚಿತ್ರ, ಧ್ವನಿಗಳ ರಾಶಿಗೆ ನ್ಯಾಂಡ್ ಗೆದ್ದಿತು.

ಮಸುವೊಕಾ 1994ರಲ್ಲಿ ತೊಷಿಬಾ ಬಿಟ್ಟು ತೊಹೊಕು ವಿಶ್ವವಿದ್ಯಾಲಯ ಸೇರಿದರು. ಆವಿಷ್ಕಾರದ ಪ್ರತಿಫಲಕ್ಕಾಗಿ ಹೂಡಿದ ದಾವೆ 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು. ಅವರ ಕೆಲಸದ ಮೇಲೆ ನಿಂತ ಉದ್ಯಮದ ಗಾತ್ರಕ್ಕೆ ಇದು ತೀರ ಸಣ್ಣ ಮೊತ್ತವೆಂದೇ ನನ್ನ ಅಭಿಪ್ರಾಯ.

ಮುಂದೆ ಬಿಟ್ಟುಕೊಟ್ಟದ್ದು ಬಾಳಿಕೆ. ಒಂದು ಸೆಲ್‌ನಲ್ಲಿ ಒಂದೇ ಬಿಟ್ ಇಡಲು ಎರಡು ಹಂತದ ವಿದ್ಯುದಾವೇಶ ಸಾಕು. ಎರಡು ಬಿಟ್ಟಿಗೆ 4, ಮೂರಕ್ಕೆ 8, ನಾಲ್ಕಕ್ಕೆ 16 ಹಂತ ಬೇಕು. ಹಂತಗಳ ನಡುವಿನ ಅಂತರ ಕಿರಿದಾದಷ್ಟೂ ಓದುವಾಗ ತಪ್ಪು ಹೆಚ್ಚು. ಬರೆದು ಅಳಿಸುವ ಪ್ರತಿ ಸಲವೂ ನಿರೋಧಕ ಪದರ ಸವೆಯುತ್ತದೆ. ಒಂದು ಬಿಟ್ಟಿನ ಸೆಲ್ ಸುಮಾರು 1 ಲಕ್ಷ ಸಲ ತಾಳಿದರೆ, ಹಲವು ಬಿಟ್ಟುಗಳದ್ದು ಕೆಲವು ಸಾವಿರಕ್ಕೋ ಅದಕ್ಕೂ ಕಡಿಮೆಗೋ ಇಳಿಯಿತು. ಈ ಕೊರತೆಯನ್ನು ತುಂಬಿದ್ದು ಕಂಟ್ರೋಲರ್: ಸವೆತವನ್ನು ಎಲ್ಲ ಬ್ಲಾಕುಗಳಿಗೂ ಹಂಚುತ್ತದೆ, ತಪ್ಪಾದ ಬಿಟ್ಟುಗಳನ್ನು ತಿದ್ದುತ್ತದೆ, ಕೆಟ್ಟ ಬ್ಲಾಕುಗಳನ್ನು ಬದಿಗಿಡುತ್ತದೆ. ಎಲಿ ಹರಾರಿ, ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ, ಜಾಕ್ ಯುವಾನ್ 1988ರಲ್ಲಿ ಕಟ್ಟಿದ ಸನ್‌ಡಿಸ್ಕ್, ಅಂದರೆ ಇಂದಿನ ಸ್ಯಾನ್‌ಡಿಸ್ಕ್, ಹಿಡಿದದ್ದು ಇದೇ ದಾರಿ. 1991ರಲ್ಲಿ ಹಾರ್ಡ್ ಡಿಸ್ಕ್ ಬದಲು ಬಳಸಬಹುದಾದ 20 ಮೆಗಾಬೈಟ್‌ನ ಡ್ರೈವನ್ನು ಅದು ಐಬಿಎಂಗೆ ಒದಗಿಸಿತು.

ನನ್ನ ವಾದಕ್ಕೆ ಒಂದು ಅಪವಾದವಿದೆ. ಸೆಲ್‌ಗಳನ್ನು ಇನ್ನಷ್ಟು ಕುಗ್ಗಿಸಲಾಗದ ಮಿತಿ ಎದುರಾದಾಗ ಅವನ್ನು ಪದರ ಪದರವಾಗಿ ಮೇಲಕ್ಕೆ ಪೇರಿಸುವ ರಚನೆಯನ್ನು ತೊಷಿಬಾ 2007ರಲ್ಲಿ ಪ್ರಕಟಿಸಿತು. ಸ್ಯಾಮ್‌ಸಂಗ್ 2013ರಲ್ಲಿ 24 ಪದರಗಳ ಚಿಪ್ ತಯಾರಿಸಿತು. ಈಗ ಪದರಗಳು 200 ದಾಟಿವೆ. ಎತ್ತರ ಸಿಕ್ಕಿದ್ದರಿಂದ ಸೆಲ್ ಮತ್ತೆ ದೊಡ್ಡದಾಗಿ, ಕಳೆದುಕೊಂಡ ಬಾಳಿಕೆಯಲ್ಲಿ ಒಂದು ಪಾಲು ಮರಳಿತು. ಆದರೆ ನಾಲ್ಕು ಬಿಟ್ಟಿನ ಸೆಲ್‌ಗಳಿಗಾಗಿ ಉದ್ಯಮ ಆ ಗಳಿಕೆಯನ್ನೂ ಬೇಗನೆ ಖರ್ಚು ಮಾಡಿತು.

ಬಾಳಿಕೆ ಬಿಟ್ಟುಕೊಟ್ಟದ್ದರ ಪರಿಣಾಮ ಸಂಗ್ರಹಾಲಯಗಳಿಗೆ ನೇರವಾಗಿ ತಟ್ಟುತ್ತದೆ. ಅರೆವಾಹಕ ಉದ್ಯಮದ ಜೆಡೆಕ್ ಮಾನದಂಡದ ಪ್ರಕಾರ, ಬರವಣಿಗೆಯ ಮಿತಿ ಮುಗಿದ ಸಾಮಾನ್ಯ ಬಳಕೆಯ ಫ್ಲ್ಯಾಶ್ ಡ್ರೈವ್, ಅಂದರೆ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಹಿತಿಯನ್ನು ಉಳಿಸಿಕೊಳ್ಳಬೇಕಾದದ್ದು 1 ವರ್ಷ ಮಾತ್ರ. ಹೊಸ ಡ್ರೈವ್ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿದಿಡುತ್ತದೆ ನಿಜ. ಆದರೆ ಸೆಖೆ ಹೆಚ್ಚಿದಷ್ಟೂ ಆ ಅವಧಿ ಕುಗ್ಗುತ್ತದೆ. ತಾಳೆಗರಿಗಳ ಚಿತ್ರಗಳನ್ನೂ ಜನಪದ ಹಾಡುಗಳ ಧ್ವನಿಮುದ್ರಣಗಳನ್ನೂ ಪೆನ್‌ಡ್ರೈವಿನಲ್ಲಿ ತುಂಬಿ ಬೀರುವಿನಲ್ಲಿಟ್ಟಿರುವ ಸಂಶೋಧಕರು, ಗ್ರಂಥಾಲಯಗಳವರು ಅವುಗಳ ಇನ್ನೊಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೋ ಮ್ಯಾಗ್ನೆಟಿಕ್ ಟೇಪಿಗೋ ಇಳಿಸಿ, ವರ್ಷಕ್ಕೊಮ್ಮೆಯಾದರೂ ತೆರೆದು ಪರೀಕ್ಷಿಸಬೇಕು.