ಮಲಪ್ರಭಾ ಪ್ರವಾಹ (2019): ಸರ್ಕಾರದ ಸ್ಪಂದನೆ ಕುರಿತ ಟೀಕೆಗಳು

2019ರ ಆಗಸ್ಟ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಲಪ್ರಭಾ ನದಿಯು ಉಕ್ಕಿ ಹರಿದು ಬೆಳಗಾವಿ ಜಿಲ್ಲೆಯ ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳು ಸೇರಿದಂತೆ ಗದಗ, ಬಾಗಲಕೋಟೆ ಜಿಲ್ಲೆಗಳ ನದಿತೀರದ ಊರುಗಳು ಜಲಾವೃತವಾದವು. ಈ ಸಂದರ್ಭದಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೈಗೊಂಡ ಪರಿಹಾರ ಕ್ರಮಗಳು ವ್ಯಾಪಕ ಟೀಕೆಗೆ ಗುರಿಯಾದವು. ನೆರವು ತಡವಾಯಿತು, ಅದು ಹಾನಿಗೆ ತಕ್ಕಂತಿರಲಿಲ್ಲ ಹಾಗೂ ಹಾನಿಯನ್ನು ಎಣಿಸುವ ಕ್ರಮದಲ್ಲೇ ಅನೇಕ ಸಂತ್ರಸ್ತರು ಹೊರಗುಳಿದರು ಎಂಬುವು ಟೀಕೆಗಳ ಮುಖ್ಯ ಅಂಶಗಳಾಗಿದ್ದವು. ಇವುಗಳಲ್ಲಿ ಮೊದಲ ಎರಡು ಅಂಶಗಳು ರಾಜಕೀಯ ಚರ್ಚೆಯ ವಿಷಯಗಳಾದರೆ, ಮೂರನೆಯದು ಮನೆ ಕಳೆದುಕೊಂಡ ಕುಟುಂಬಗಳನ್ನು ದೀರ್ಘಕಾಲ ಕಾಡಿತು.

ಹಿನ್ನೆಲೆ

ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರು ಮತ್ತು ಬೈಲಹೊಂಗಲ ಸೀಮೆಯನ್ನು ಹಾದು, ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಅಣೆಕಟ್ಟನ್ನು ಸೇರುತ್ತದೆ. ಅಲ್ಲಿಂದ ಮುನವಳ್ಳಿ, ರಾಮದುರ್ಗ, ಪಟ್ಟದಕಲ್ಲುಗಳ ಮೂಲಕ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ನವಿಲುತೀರ್ಥದ ಜಲಾಶಯಕ್ಕೆ ರೇಣುಕಾಸಾಗರವೆಂದು ಹೆಸರು. ಇದರ ಒಟ್ಟು ಸಾಮರ್ಥ್ಯ ಸುಮಾರು 37.73 ಟಿ.ಎಂ.ಸಿ. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು). ನಾಲ್ಕು ಜಿಲ್ಲೆಗಳ ಕಾಲುವೆ ನೀರಾವರಿಗೂ ಹುಬ್ಬಳ್ಳಿ–ಧಾರವಾಡದ ಕುಡಿಯುವ ನೀರಿಗೂ ಇದೇ ಆಸರೆ.

ಈ ಕೊಳ್ಳದಲ್ಲಿ ಕಪ್ಪುಮಣ್ಣಿನ ನೆಲವೇ ಹೆಚ್ಚು. ಹಳ್ಳಿಗಳ ಹಳೆಯ ಮನೆಗಳು ಬಹುಮಟ್ಟಿಗೆ ಮಣ್ಣಿನ ಗೋಡೆ ಮತ್ತು ಮಣ್ಣಿನ ಮಾಳಿಗೆಯುಳ್ಳವು. ಇಂತಹ ಮನೆಗಳು ಬಿಸಿಲಿನ ನಾಡಿಗೆ ಅನುಕೂಲವಾದರೂ ಎರಡು ಮೂರು ದಿನ ನೀರಿನಲ್ಲಿ ನಿಂತರೆ ಕುಸಿಯುತ್ತವೆ. ನೀರು ಇಳಿದ ಮೇಲೆ ಗೋಡೆ ನಿಂತಿರುವಂತೆ ಕಂಡರೂ, ಬಿಸಿಲಿಗೆ ಒಣಗಿ ಬಿರುಕು ಬಿಟ್ಟು ವಾರಗಳ ನಂತರ ಬೀಳುವುದುಂಟು. ಪರಿಹಾರ ವಿತರಣೆಯಲ್ಲಿ ತಲೆದೋರಿದ ವಿವಾದಗಳಿಗೆ ಈ ಸಂಗತಿಯೂ ಕಾರಣವಾಯಿತು.

2009ರ ಸೆಪ್ಟೆಂಬರ್ ಅಂತ್ಯ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕವು ಭೀಕರ ನೆರೆಯನ್ನು ಕಂಡಿತ್ತು. ಆಗ ‘ಆಸರೆ’ ಎಂಬ ಯೋಜನೆಯಡಿ ದಾನಿಗಳ ನೆರವಿನಿಂದ ಎತ್ತರದ ಸ್ಥಳಗಳಲ್ಲಿ ಮನೆಗಳನ್ನು ಕಟ್ಟಲಾಯಿತು. ಹೊಲದಿಂದ ದೂರವಾಗುವುದು, ದನಕರುಗಳಿಗೆ ಜಾಗವಿಲ್ಲದಿರುವುದು ಮೊದಲಾದ ಕಾರಣಗಳಿಂದ ಅನೇಕ ಕುಟುಂಬಗಳು ಹಳೆಯ ಊರಿನಲ್ಲೇ ಉಳಿದವು. ಹತ್ತು ವರ್ಷಗಳ ನಂತರ ನದಿ ಮತ್ತೆ ಅದೇ ಊರುಗಳನ್ನು ಹೊಕ್ಕಿತು.

2019ರ ಪ್ರವಾಹ

2019ರ ಆಗಸ್ಟ್ ಮೊದಲ ವಾರದಲ್ಲಿ ಪಶ್ಚಿಮಘಟ್ಟದ ಸೆರಗಿನಲ್ಲಿ ಸುರಿದ ಭಾರಿ ಮಳೆಯಿಂದ ರೇಣುಕಾಸಾಗರವು ಕೆಲವೇ ದಿನಗಳಲ್ಲಿ ಭರ್ತಿಯಾಯಿತು. ಬರದ ವರ್ಷಗಳ ಬೆನ್ನಲ್ಲೇ ಬಂದ ಈ ನೀರನ್ನು ಅಣೆಕಟ್ಟಿನಿಂದ ನದಿಗೆ ಬಿಡುವುದು ಅನಿವಾರ್ಯವಾಯಿತು. ಮುನವಳ್ಳಿ ಮತ್ತು ರಾಮದುರ್ಗ ಪಟ್ಟಣಗಳ ಬಡಾವಣೆಗಳಿಗೆ ನೀರು ನುಗ್ಗಿತು. ನೇಕಾರಿಕೆಗೆ ಹೆಸರಾದ ರಾಮದುರ್ಗದಲ್ಲಿ ಮಗ್ಗಗಳು ನೀರಿನಲ್ಲಿ ಮುಳುಗಿದವು. ಪಟ್ಟದಕಲ್ಲಿನ ಸ್ಮಾರಕಗಳ ಆವರಣವೂ ಜಲಾವೃತವಾಯಿತು. ಅಕ್ಟೋಬರ್ ಮೂರನೆಯ ವಾರದಲ್ಲಿ ಹಿಂಗಾರು ಮಳೆಯಿಂದ ನದಿ ಎರಡನೆಯ ಬಾರಿ ಉಕ್ಕಿತು. ಮೊದಲ ನೆರೆಯಿಂದ ಚೇತರಿಸಿಕೊಳ್ಳದಿದ್ದ ಕುಟುಂಬಗಳು ಮತ್ತೆ ಪರಿಹಾರ ಕೇಂದ್ರಗಳ ದಾರಿ ಹಿಡಿದವು.

ರಾಜ್ಯದಾದ್ಯಂತ ಆಗಸ್ಟ್ ತಿಂಗಳ ಮಳೆ ಮತ್ತು ಪ್ರವಾಹಗಳಲ್ಲಿ 80ಕ್ಕೂ ಹೆಚ್ಚು ಜನರು ಮೃತಪಟ್ಟರು. 22 ಜಿಲ್ಲೆಗಳ 103 ತಾಲೂಕುಗಳು ಬಾಧಿತವಾದವು. ಸುಮಾರು 35,160 ಕೋಟಿ ರೂಪಾಯಿ ನಷ್ಟ ಸಂಭವಿಸಿದೆಯೆಂದು ರಾಜ್ಯ ಸರ್ಕಾರವು ಕೇಂದ್ರಕ್ಕೆ ವರದಿ ಸಲ್ಲಿಸಿತು.

ಆಡಳಿತದ ಸಿದ್ಧತೆ ಕುರಿತ ಟೀಕೆ

ಪ್ರವಾಹವು ರಾಜಕೀಯ ಅಸ್ಥಿರತೆಯ ನಡುವೆ ಎದುರಾಯಿತು. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಮೈತ್ರಿ ಸರ್ಕಾರವು ವಿಶ್ವಾಸಮತ ಕಳೆದುಕೊಂಡಿತು. ಜುಲೈ 26ರಂದು ಬಿ.ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಮಂತ್ರಿಮಂಡಲಕ್ಕೆ ಇತರ 17 ಸಚಿವರು ಸೇರಿದ್ದು ಆಗಸ್ಟ್ 20ರಂದು. ಹೀಗಾಗಿ ನೆರೆಯ ಅತ್ಯಂತ ಕಠಿಣ ದಿನಗಳಲ್ಲಿ ರಾಜ್ಯದಲ್ಲಿ ಕಂದಾಯ ಸಚಿವರಾಗಲಿ ಜಿಲ್ಲಾ ಉಸ್ತುವಾರಿ ಸಚಿವರಾಗಲಿ ಇರಲಿಲ್ಲ. ಜಿಲ್ಲಾ ಉಸ್ತುವಾರಿಗಳ ನೇಮಕ ಸೆಪ್ಟೆಂಬರ್ ಮಧ್ಯಭಾಗದವರೆಗೆ ಮುಂದೂಡಲ್ಪಟ್ಟಿತು. ಇದನ್ನು ‘ಏಕವ್ಯಕ್ತಿ ಸರ್ಕಾರ’ವೆಂದು ವಿರೋಧ ಪಕ್ಷಗಳು ಟೀಕಿಸಿದವು. ಮುಖ್ಯಮಂತ್ರಿಗಳು ಸ್ವತಃ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಪ್ರವಾಸ ಕೈಗೊಂಡು ಪರಿಶೀಲನೆ ನಡೆಸಿದ್ದನ್ನು ಸರ್ಕಾರದ ಪರವಾಗಿದ್ದವರು ಮುಂದಿಟ್ಟರು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿಯೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರಾಗಿರುವುದರಿಂದ ಸ್ಥಳಾಂತರ ಮತ್ತು ರಕ್ಷಣಾ ಕಾರ್ಯ ನಿಂತಿರಲಿಲ್ಲ. ಆದರೆ ಹಣ ಬಿಡುಗಡೆ ಮತ್ತು ನಿಯಮ ಸಡಿಲಿಕೆಯಂತಹ ತೀರ್ಮಾನಗಳಿಗೆ ಮಂತ್ರಿಗಳು ಅಗತ್ಯವೆಂಬುದು ಟೀಕಾಕಾರರ ವಾದವಾಗಿತ್ತು.

ಸಂಪನ್ಮೂಲದ ಕೊರತೆಯನ್ನು ವಿವರಿಸುತ್ತ ಮುಖ್ಯಮಂತ್ರಿಗಳು, ಸರ್ಕಾರದ ಬಳಿ ನೋಟು ಮುದ್ರಿಸುವ ಯಂತ್ರವಿಲ್ಲ ಎಂಬರ್ಥದ ಮಾತನ್ನಾಡಿದ್ದು ಆಕ್ಷೇಪಕ್ಕೆ ಗುರಿಯಾಯಿತು.

ಜಲಾಶಯದ ನಿರ್ವಹಣೆಯೂ ಚರ್ಚೆಗೆ ಬಂದಿತು. ನೀರಾವರಿ ಮತ್ತು ಕುಡಿಯುವ ನೀರಿಗಾಗಿ ಜಲಾಶಯವನ್ನು ತುಂಬಿಸಿಕೊಳ್ಳಬೇಕು. ನೆರೆಯನ್ನು ತಡೆಯಬೇಕಾದರೆ ಅದರಲ್ಲಿ ಖಾಲಿ ಜಾಗವನ್ನು ಉಳಿಸಿಕೊಳ್ಳಬೇಕು. ಈ ಎರಡು ಉದ್ದೇಶಗಳು ಒಂದಕ್ಕೊಂದು ವಿರುದ್ಧವಾಗಿವೆ. ಮಳೆಯ ಮುನ್ಸೂಚನೆಯನ್ನು ಆಧರಿಸಿ ಮೊದಲೇ ಹಂತ ಹಂತವಾಗಿ ನೀರು ಬಿಟ್ಟಿದ್ದರೆ ಕೆಳಗಿನ ಊರುಗಳಿಗೆ ಒಮ್ಮೆಲೇ ನೀರು ನುಗ್ಗುತ್ತಿರಲಿಲ್ಲ ಎಂಬುದು ಒಂದು ವಾದ. ಬರದಿಂದ ಬಸವಳಿದಿದ್ದ ಪ್ರದೇಶದಲ್ಲಿ, ಮಳೆಗಾಲದ ನಡುವೆ ಬರುವ ನೀರನ್ನು ಹರಿಯಬಿಡುವ ನಿರ್ಧಾರ ಸುಲಭವಲ್ಲ ಎಂಬುದು ಇನ್ನೊಂದು ವಾದ.

ಕೇಂದ್ರದ ನೆರವು ಕುರಿತ ಟೀಕೆ

ಆಗಸ್ಟ್ 10ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಬೆಳಗಾವಿ ಜಿಲ್ಲೆಗೆ ಭೇಟಿ ನೀಡಿದರು. ಮರುದಿನ ಗೃಹ ಸಚಿವ ಅಮಿತ್ ಶಾ ಅವರು ವೈಮಾನಿಕ ಸಮೀಕ್ಷೆ ನಡೆಸಿದರು. ಆನಂತರ ಕೇಂದ್ರದ ಅಧ್ಯಯನ ತಂಡವೂ ಬಂದಿತು. ಆದರೆ ಸೆಪ್ಟೆಂಬರ್ ಕಳೆದರೂ ಹೆಚ್ಚುವರಿ ನೆರವು ಘೋಷಣೆಯಾಗಲಿಲ್ಲ. ಚಂದ್ರಯಾನ-2ರ ಇಳಿಕೆಯನ್ನು ವೀಕ್ಷಿಸಲು ಸೆಪ್ಟೆಂಬರ್ 6ರಂದು ಬೆಂಗಳೂರಿಗೆ ಬಂದ ಪ್ರಧಾನಿ ನರೇಂದ್ರ ಮೋದಿಯವರು ನೆರೆಪೀಡಿತ ಪ್ರದೇಶಕ್ಕೆ ಭೇಟಿ ನೀಡಲಿಲ್ಲವೆಂದು ವಿರೋಧ ಪಕ್ಷಗಳು ಆಕ್ಷೇಪಿಸಿದವು. ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 25ನ್ನು ಗೆದ್ದಿದ್ದ ಭಾರತೀಯ ಜನತಾ ಪಕ್ಷದ ಸಂಸದರು ದೆಹಲಿಯಲ್ಲಿ ದನಿ ಎತ್ತಲಿಲ್ಲ ಎಂಬ ಟೀಕೆಯೂ ಕೇಳಿಬಂದಿತು. ಆಡಳಿತ ಪಕ್ಷದ ಬೆಂಬಲಿಗರಿಂದಲೂ ಅಸಮಾಧಾನ ವ್ಯಕ್ತವಾಯಿತು. ವಿಜಯಪುರದ ಶಾಸಕ ಬಸನಗೌಡ ಪಾಟೀಲ ಯತ್ನಾಳ ಅವರಿಗೆ ಪಕ್ಷವು ಕಾರಣ ಕೇಳಿ ನೋಟಿಸ್ ನೀಡಿತು.

ಅಕ್ಟೋಬರ್ 4ರಂದು ಕೇಂದ್ರವು ಮಧ್ಯಂತರ ನೆರವಾಗಿ 1,200 ಕೋಟಿ ರೂಪಾಯಿ ಮಂಜೂರು ಮಾಡಿತು. 2020ರ ಜನವರಿ 2ರಂದು ತುಮಕೂರಿನ ಸಮಾರಂಭದಲ್ಲಿ ಪ್ರಧಾನಿಯವರ ಸಮ್ಮುಖದಲ್ಲೇ ಯಡಿಯೂರಪ್ಪನವರು ನೆರೆ ಪರಿಹಾರದ ಕೊರತೆಯನ್ನು ಬಹಿರಂಗವಾಗಿ ಪ್ರಸ್ತಾಪಿಸಿದರು. ಜನವರಿ 6ರಂದು ಗೃಹ ಸಚಿವರ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿಯು ಏಳು ರಾಜ್ಯಗಳಿಗೆ ನೆರವು ಮಂಜೂರು ಮಾಡಿದಾಗ, ಕರ್ನಾಟಕಕ್ಕೆ 1,869.85 ಕೋಟಿ ರೂಪಾಯಿಗಳಿಗೆ ಅನುಮೋದನೆ ದೊರೆಯಿತು.

ನಷ್ಟಕ್ಕೂ ನೆರವಿಗೂ ಇರುವ ಅಂತರಕ್ಕೆ ನಿಯಮಗಳೂ ಕಾರಣ. ವಿಪತ್ತು ಪರಿಹಾರ ನಿಧಿಯು ಪೂರ್ಣ ನಷ್ಟವನ್ನು ತುಂಬಿಕೊಡುವುದಿಲ್ಲ. ನಿಗದಿತ ದರದ ನೆರವನ್ನಷ್ಟೇ ನೀಡುತ್ತದೆ. ಆಗಿನ ಮಾರ್ಗಸೂಚಿಯಂತೆ ಬಯಲು ಪ್ರದೇಶದಲ್ಲಿ ಪೂರ್ಣ ಕುಸಿದ ಮನೆಗೆ 95,100 ರೂಪಾಯಿ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ, ನೀರಾವರಿ ಬೆಳೆಗೆ 13,500 ರೂಪಾಯಿ ನಿಗದಿಯಾಗಿತ್ತು. ಬೆಳೆ ನೆರವು ಎರಡು ಹೆಕ್ಟೇರಿಗೆ ಸೀಮಿತವಾಗಿತ್ತು. ಆದ್ದರಿಂದ 35 ಸಾವಿರ ಕೋಟಿಗೂ ಮಿಕ್ಕಿದ ನಷ್ಟದಲ್ಲಿ ನಿಯಮದಂತೆ ರಾಜ್ಯವು ಕೇಳಬಹುದಾಗಿದ್ದುದು ಸುಮಾರು 3,800 ಕೋಟಿ ಮಾತ್ರ. ಇದನ್ನು ‘ರಾಷ್ಟ್ರೀಯ ವಿಪತ್ತು’ ಎಂದು ಘೋಷಿಸಬೇಕೆಂಬ ಬೇಡಿಕೆ ಬಂದರೂ, ಅಂತಹ ಘೋಷಣೆಗೆ 2005ರ ಕಾಯ್ದೆಯಲ್ಲಿ ಅವಕಾಶವಿಲ್ಲ.

ಪರಿಹಾರ ವಿತರಣೆ ಕುರಿತ ಟೀಕೆ

ರಾಜ್ಯ ಸರ್ಕಾರವು ಕೇಂದ್ರದ ದರಗಳಿಗಿಂತ ಹೆಚ್ಚಿನ ನೆರವನ್ನು ಘೋಷಿಸಿತು. ತುರ್ತು ನೆರವಾಗಿ ಕುಟುಂಬಕ್ಕೆ 10,000 ರೂಪಾಯಿ, ಪೂರ್ಣ ಹಾನಿಯಾದ ಮನೆಗೆ 5 ಲಕ್ಷ ರೂಪಾಯಿ, ಬಾಡಿಗೆ ಮನೆಯಲ್ಲಿ ಇರುವವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಹತ್ತು ತಿಂಗಳ ನೆರವು ಇವುಗಳಲ್ಲಿ ಮುಖ್ಯವಾದವು. ಬೆಳೆ ಹಾನಿಗೂ ಹೆಕ್ಟೇರಿಗೆ 10,000 ರೂಪಾಯಿಗಳನ್ನು ಹೆಚ್ಚುವರಿಯಾಗಿ ಸೇರಿಸಲಾಯಿತು. ಮನೆಗೆ 5 ಲಕ್ಷ ನೀಡುವ ತೀರ್ಮಾನವನ್ನು ಟೀಕಾಕಾರರಲ್ಲಿ ಅನೇಕರು ಸ್ವಾಗತಿಸಿದ್ದರು. ಆಕ್ಷೇಪಗಳು ಹುಟ್ಟಿದ್ದು ಅದರ ಜಾರಿಯಲ್ಲಿ.

ಹಾನಿಯ ಪ್ರಮಾಣಕ್ಕನುಗುಣವಾಗಿ ಮನೆಗಳನ್ನು ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸಲಾಯಿತು. ಶೇ. 75ಕ್ಕಿಂತ ಹೆಚ್ಚು ಹಾನಿಯಾಗಿದ್ದರೆ ‘ಎ’ ವರ್ಗ ಮತ್ತು 5 ಲಕ್ಷ ರೂಪಾಯಿ. ಅದಕ್ಕಿಂತ ಕಡಿಮೆಯಾದರೆ ‘ಬಿ’ ವರ್ಗ ಮತ್ತು ಮೊದಲಿಗೆ 1 ಲಕ್ಷ ರೂಪಾಯಿ. ಅಲ್ಪ ಹಾನಿಗೆ ‘ಸಿ’ ವರ್ಗ ಮತ್ತು 50,000 ರೂಪಾಯಿ. ಒಂದು ಅಕ್ಷರದ ವ್ಯತ್ಯಾಸದಿಂದ ಒಂದು ಕುಟುಂಬಕ್ಕೆ ನಾಲ್ಕು ಲಕ್ಷ ರೂಪಾಯಿಗಳ ವ್ಯತ್ಯಾಸವಾಗುತ್ತಿತ್ತು. ಸಮೀಕ್ಷೆಯ ದಿನ ನಿಂತಿದ್ದ ಮಣ್ಣಿನ ಗೋಡೆ ಆನಂತರ ಕುಸಿದರೆ ಮರುಸಮೀಕ್ಷೆಗಾಗಿ ಕಚೇರಿಗಳಿಗೆ ಅಲೆಯಬೇಕಾಗುತ್ತಿತ್ತು. ಆಕ್ಷೇಪಣೆಗಳು ಹೆಚ್ಚಿದಾಗ, ‘ಬಿ’ ವರ್ಗದ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಕೊಳ್ಳುವವರಿಗೆ ಮೊತ್ತವನ್ನು ಹೆಚ್ಚಿಸಲಾಯಿತು.

ಇತರ ಮುಖ್ಯ ಆಕ್ಷೇಪಗಳು ಹೀಗಿದ್ದವು:

ದಾಖಲೆಗಳ ಸಮಸ್ಯೆ: ಮನೆ ಅಜ್ಜ ಅಥವಾ ತಂದೆಯ ಹೆಸರಿನಲ್ಲೇ ಉಳಿದಿದ್ದ, ವಾಟ್ನಿಯಾಗದ ಕುಟುಂಬಗಳಿಗೆ ಪರಿಹಾರ ಪಡೆಯುವುದು ಕಷ್ಟವಾಯಿತು. ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದ್ದ ಅಣ್ಣತಮ್ಮಂದಿರನ್ನು ಒಂದೇ ಕುಟುಂಬವೆಂದು ಎಣಿಸಿದ್ದರ ಬಗ್ಗೆಯೂ ದೂರುಗಳಿದ್ದವು.

ಕಂತಿನ ಪದ್ಧತಿ: ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಮನೆಯ ಹಣವು ಕಂತುಗಳಲ್ಲಿ ಬರುತ್ತಿತ್ತು. ಕಾಮಗಾರಿಯ ಪ್ರತಿ ಹಂತದ ಛಾಯಾಚಿತ್ರ ದಾಖಲಾದ ಮೇಲೆ ಮುಂದಿನ ಕಂತು. ಕೈಯಲ್ಲಿ ಹಣವಿಲ್ಲದವರು ಅಡಿಪಾಯದ ಹಂತದಲ್ಲೇ ನಿಲ್ಲಬೇಕಾಯಿತು.

ನೇಕಾರರು ಮತ್ತು ಕೂಲಿಕಾರರು: ವಿಪತ್ತು ನಿಧಿಯ ನಿಯಮದಂತೆ ಕುಶಲಕರ್ಮಿಯ ಹಾಳಾದ ಸಲಕರಣೆಗೆ ದೊರೆಯುತ್ತಿದ್ದುದು 4,100 ರೂಪಾಯಿ. ಮಗ್ಗದ ಬೆಲೆಗೆ ಇದು ಏನೇನೂ ಸಾಲದು. ಹೊಲವಿಲ್ಲದ ಕೂಲಿಕಾರರಿಗೆ ಕೆಲಸ ತಪ್ಪಿದ ದಿನಗಳ ನಷ್ಟಕ್ಕೆ ಪ್ರತ್ಯೇಕ ಲೆಕ್ಕವೇ ಇರಲಿಲ್ಲ.

ವಿಧಾನಮಂಡಲದ ಅಧಿವೇಶನ

ನೆರೆಯ ಬಗ್ಗೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚರ್ಚೆ ನಡೆಯಬೇಕೆಂಬ ಒತ್ತಾಯವಿತ್ತು. ಆದರೆ ಅಕ್ಟೋಬರ್ 10ರಿಂದ 12ರವರೆಗೆ ಮೂರು ದಿನಗಳ ಅಧಿವೇಶನವು ಬೆಂಗಳೂರಿನಲ್ಲಿ ನಡೆಯಿತು. ಅಧಿಕಾರಿಗಳು ಪರಿಹಾರ ಕಾರ್ಯದಲ್ಲಿ ತೊಡಗಿರುವಾಗ ಬೆಳಗಾವಿಯಲ್ಲಿ ಅಧಿವೇಶನ ನಡೆಸಿದರೆ ತೊಂದರೆಯಾಗುವುದೆಂದು ಸರ್ಕಾರವು ಸಮರ್ಥಿಸಿಕೊಂಡಿತು. ಸಂತ್ರಸ್ತರನ್ನು ಎದುರಿಸುವುದನ್ನು ತಪ್ಪಿಸಿಕೊಳ್ಳುವ ಯತ್ನವಿದೆಂದು ಟೀಕಾಕಾರರು ಹೇಳಿದರು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಮಲಪ್ರಭಾ ತೀರದ ಬಾದಾಮಿ ಕ್ಷೇತ್ರದ ಶಾಸಕರೂ ಆಗಿದ್ದರು. ಬೆಳಗಾವಿಯಲ್ಲಿ ಮತ್ತೆ ಅಧಿವೇಶನ ಸೇರಿದ್ದು 2021ರ ಡಿಸೆಂಬರ್‌ನಲ್ಲಿ.

ನಂತರದ ಬೆಳವಣಿಗೆಗಳು

2019ರ ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕ, ಅಥಣಿ ಮತ್ತು ಕಾಗವಾಡ ಕ್ಷೇತ್ರಗಳನ್ನು ಆಡಳಿತ ಪಕ್ಷವೇ ಗೆದ್ದಿತು. ಇವೂ ನೆರೆಪೀಡಿತ ಪ್ರದೇಶಗಳಾಗಿದ್ದುದರಿಂದ ಟೀಕೆಗಳಿಗೆ ಚುನಾವಣೆಯಲ್ಲಿ ಬೆಲೆ ಸಿಗಲಿಲ್ಲವೆಂದು ಆಡಳಿತ ಪಕ್ಷದವರು ವಾದಿಸಿದರು. 2020ರ ಮಾರ್ಚ್‌ನಿಂದ ಕೊರೊನಾ ಲಾಕ್‌ಡೌನ್ ಜಾರಿಗೆ ಬಂದು ಮನೆ ಕಟ್ಟುವ ಕೆಲಸಕ್ಕೆ ಅಡ್ಡಿಯಾಯಿತು.

2022–26ರ ಅವಧಿಗೆ ಕೇಂದ್ರವು ವಿಪತ್ತು ನೆರವಿನ ದರಗಳನ್ನು ಪರಿಷ್ಕರಿಸಿತು. ಬಯಲು ಪ್ರದೇಶದ ಪೂರ್ಣ ಹಾನಿಯಾದ ಮನೆಗೆ 1,20,000 ರೂಪಾಯಿ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ ನಿಗದಿಯಾಯಿತು. ಬೆಳೆ ನೆರವಿನ ಎರಡು ಹೆಕ್ಟೇರಿನ ಮಿತಿ ಮುಂದುವರಿಯಿತು.