ಮದರಾಸಿನಿಂದ ಹೊರಟ ಹಳ್ಳಿಯ ಹಾದಿ

ಚೆನ್ನೈ ಸೆಂಟ್ರಲ್‌ನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಬೆಂಗಳೂರು. ನಡುವಿನ ಹಳ್ಳಿಗಳು ಹೊರನಾಡ ಕನ್ನಡಿಗರಾದ ನಮಗೆ ಕಿಟಕಿಯಾಚೆ ಸರಿದುಹೋಗುವ ಹೆಸರಿಲ್ಲದ ಹಸಿರು ಮಾತ್ರ. ಇದೇ ಮದರಾಸಿನಿಂದ 1800ರ ಏಪ್ರಿಲ್‌ನಲ್ಲಿ ಹೊರಟ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, ಕಂಚಿ, ಆರ್ಕಾಟುಗಳನ್ನು ದಾಟಿ ಕನ್ನಡನಾಡನ್ನು ಹೊಕ್ಕು, ಮರಳಿ ಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡನು.

ಏಳನೆಯ ಶತಮಾನದಲ್ಲಿ ಕಂಚಿಯನ್ನೂ ಪುಲಕೇಶಿಯ ನಾಡನ್ನೂ ಬಣ್ಣಿಸಿದ ಚೀನಾದ ಹ್ಯೂಯೆನ್ ತ್ಸಾಂಗ್ ಧರ್ಮವನ್ನು ಅರಸಿ ಬಂದವನು. ಬುಕಾನನ್ ಬಂದದ್ದು ಸರ್ಕಾರಿ ಆದೇಶದ ಮೇಲೆ. 1799ರ ಮೇ ತಿಂಗಳಲ್ಲಿ ಟಿಪ್ಪು ಮಡಿದಿದ್ದನು. ಗೆದ್ದ ನಾಡಿನಲ್ಲಿ ಏನು ಬೆಳೆಯುತ್ತದೆ, ಯಾರು ನೇಯುತ್ತಾರೆ, ಕಬ್ಬಿಣ ಹೇಗೆ ಕರಗುತ್ತದೆ ಎಂಬುದು ವೆಲ್ಲೆಸ್ಲಿಗೆ ತಿಳಿಯಬೇಕಿತ್ತು. ಆದ್ದರಿಂದಲೇ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ದಿನಚರಿಯಲ್ಲಿ ಪ್ರತಿ ಊರಿನಲ್ಲೂ ಪ್ರಶ್ನೆಗಳೇ: ಬಿತ್ತುವ ಬೀಜವೆಷ್ಟು, ಉಳುಮೆ ಎಷ್ಟು ಸಲ, ಆಳಿನ ಕೂಲಿ ಎಷ್ಟು, ಗುತ್ತಿಗೆ ಎಷ್ಟು? ಕೊಳಗ, ಖಂಡುಗಗಳ ಲೆಕ್ಕ. ರಾಗಿಯ ಹೊಲದ ನಡುವೆ ಸಾಲು ಬಿಟ್ಟು ಬಿತ್ತುವ ಅವರೆ, ತೊಗರಿಗಳ ವಿವರ. ಗುಬ್ಬಿಯ ಸಂತೆಯ ಅಡಿಕೆ. ಯುದ್ಧದಿಂದ ಪಾಳುಬಿದ್ದ ಊರುಗಳು.

ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಮೊದಮೊದಲು ಈ ಗದ್ಯ ಒಣಗಿದ್ದೆಂದೇ ತೋರಿತು. ಅದೇ 1800ರಲ್ಲಿ ವರ್ಡ್ಸ್‌ವರ್ತ್ ಗ್ರಾಸ್ಮಿಯರ್‌ನ ಗುಡ್ಡಗಳಲ್ಲಿ ನಡೆದಾಡುತ್ತಿದ್ದನು. ಹಳ್ಳಿಗರ ಬದುಕೇ ಕಾವ್ಯದ ವಸ್ತುವೆಂದು ವಾದಿಸಿದನು. ಆದರೆ ನಮ್ಮ ಮುತ್ತಜ್ಜಂದಿರು ಏನು ಉಂಡರು, ಎಷ್ಟು ತೆತ್ತರು ಎಂದು ನಮಗೆ ಹೇಳುವವನು ಕವಿಯಲ್ಲ, ಕಂಪನಿಯ ನೌಕರ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಪ್ರವಾಸ ವರದಿಗಳನ್ನು ಬರೆದೇ ಕೂದಲು ನರೆತ ನಮಗೆ ಈ ಮಾತು ಹಿತವೂ ಹೌದು, ಇರಿಯುವುದೂ ಹೌದು. ವರದಿಯಲ್ಲಿ ಉತ್ತರಗಳು ಉಳಿಯುತ್ತವೆ. ಉತ್ತರ ಕೊಟ್ಟವರು ಉಳಿಯುವುದಿಲ್ಲ. ಬುಕಾನನ್ನನ ರೈತರು ಬಹುಮಟ್ಟಿಗೆ ಹೆಸರಿಲ್ಲದವರು. ಕಂದಾಯಕ್ಕೆ ಅಂಜಿದವನು ಬೆಳೆಯನ್ನು ಕಡಿಮೆ ಹೇಳಿರಲಾರನೆ? ನಾವಾಗಿದ್ದರೆ ಹಾಗೆಯೇ ಹೇಳುತ್ತಿದ್ದೆವು.

ಬುಕಾನನ್ ಮಧುಗಿರಿಯನ್ನೂ ಕಂಡಿದ್ದನು. ನಮ್ಮ ತಾಯಿಯ ಊರು ಅದರ ಸಮೀಪದ್ದು. ಕಳೆದ ಸಂಕ್ರಾಂತಿಯ ರಜೆಯಲ್ಲಿ ಬಸ್ಸಿಳಿದು, ಆಟೊ ಹಿಡಿಯದೆ, ಹೊಲದ ಬದುಗಳ ಮೇಲೆ ನಡೆದೇ ಊರು ಸೇರಬೇಕೆಂದು ಹೊರಟೆವು. ರಾಗಿ ಕೊಯ್ದಾಗಿತ್ತು, ಕೂಳೆಯ ನಡುವೆ ಅವರೆಯ ಸಾಲುಗಳು ಇನ್ನೂ ಹಸಿರಾಗಿ ನಿಂತಿದ್ದವು. ಇನ್ನೂರು ವರ್ಷಗಳ ಹಿಂದಿನ ಪುಟವೊಂದು ಕಣ್ಣೆದುರು ತೆರೆದಂತಾಯಿತು. ಆ ಸಾಲನ್ನು ಏನೆನ್ನುತ್ತಾರೆಂದು ಅಲ್ಲಿದ್ದ ಮುದುಕರೊಬ್ಬರನ್ನು ಕೇಳಿದೆವು.

"ಅಕ್ಕಡಿ ಸಾಲು," ಎಂದವರೇ ನಮ್ಮ ಕೈಯ ಪುಸ್ತಕ, ಪೆನ್ನು ನೋಡಿ, "ಯಾಕ್ ಸ್ವಾಮಿ, ಸರ್ವೆಗೆ ಬಂದ್ರಾ?" ಎಂದರು.

ಅಲ್ಲವೆಂದು ಅಜ್ಜನ ಹೆಸರು ಹೇಳಿದೆವು. ಅವರ ಮುಖ ಸಡಿಲಿತು. ಅವರ ಹೆಸರನ್ನು ಕೇಳಿ, ಅಂದಿನ ಪುಟದಲ್ಲಿ ಮೊದಲು ಅದನ್ನೇ ಬರೆದುಕೊಂಡೆವು.